ತಪ್ಪು ಯಾರದೆಂದು ಬರೆಯುವ ಮೊದಲು

ಗೋವಾದ ವಾಸ್ಕೊದಲ್ಲಿರುವ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಹೋದ ಋತುವಿನ ಕೊನೆಯ ಹೊತ್ತಿಗೆ ಮೊದಲಿಗಿಂತ ಬಹಳ ಕಡಿಮೆ ತಪ್ಪು ಮಾಡುತ್ತಿತ್ತು ಎಂದು ಆ ಪಂದ್ಯಗಳನ್ನು ನೋಡಿದವರೆಲ್ಲ ಹೇಳುತ್ತಾರೆ. ಕೋಚ್ ಹೇಳುತ್ತಾರೆ, ಪ್ರಾಂಶುಪಾಲರು ಹೇಳುತ್ತಾರೆ, ಗೇಟಿನ ಬಳಿಯಿಂದಲೇ ಪ್ರತಿ ಪಂದ್ಯವನ್ನೂ ನೋಡುವ ಕಾವಲುಗಾರರೂ ಹೇಳುತ್ತಾರೆ. ಬಿಟ್ಟುಕೊಟ್ಟ ಗೋಲುಗಳ ಲೆಕ್ಕವೂ ಅದನ್ನೇ ಹೇಳುತ್ತದೆ. ಆದರೆ ತಂಡದ ಮ್ಯಾನೇಜರ್ ಎಂಬ ಹೆಸರಿನಲ್ಲಿ ಬೆಂಚಿನ ಮೇಲೆ ಕುಳಿತು ನಾನು ಬರೆದಿಟ್ಟ ನೋಟ್‌ಬುಕ್ ಮಾತ್ರ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪಾಸ್ ಗುರಿ ತಪ್ಪಿದ್ದು, ಚೆಂಡು ಕಾಲಿಗೆ ನಿಲ್ಲದೆ ಜಾರಿದ್ದು, ಎದುರಾಳಿಯ ಕಾಲಿಗೇ ಒಪ್ಪಿಸಿದ್ದು, ಇವೆಲ್ಲವನ್ನೂ ಗೀಟು ಹಾಕಿ ಎಣಿಸಿದ ಪುಟಗಳು ಅದರಲ್ಲಿವೆ. ಋತುವಿನ ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೀಟುಗಳು ಇಳಿದಿರುವುದು ನಿಜ. ಜನ ಹೇಳುವಷ್ಟು ಇಳಿದಿಲ್ಲ. ಫಾರ್ವರ್ಡ್ ಆಟಗಾರರ ಸಾಲಿನಲ್ಲಂತೂ ಏರಿವೆ. ಸಂಖ್ಯಾಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆಯುವವನು ಇಂಥದ್ದನ್ನು ಕಂಡೂ ಕಾಣದಂತೆ ಬಿಡಲಾರ. ಕಣ್ಣು ಮೋಸ ಹೋಗಿದೆಯೋ, ಪುಸ್ತಕ ದಾರಿ ತಪ್ಪಿಸುತ್ತಿದೆಯೋ, ಅಥವಾ ಇವೆರಡೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿವೆಯೋ ಎಂದು ಬಹಳ ದಿನ ಯೋಚಿಸಿದ್ದೇನೆ.

ಕಣ್ಣಿನ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. 1986ರಲ್ಲಿ ಕೆನಡಾದ ಫ್ರಾಂಕ್ಸ್ ಮತ್ತು ಮಿಲ್ಲರ್ ಎಂಬ ಇಬ್ಬರು ಸಂಶೋಧಕರು ಹೊಸ ತರಬೇತುದಾರರಿಗೆ ಫುಟ್‌ಬಾಲ್ ಆಟವನ್ನು ತೋರಿಸಿ, ಆಮೇಲೆ ಅದರ ಮುಖ್ಯ ಘಟನೆಗಳ ಬಗ್ಗೆ ಪ್ರಶ್ನೆ ಕೇಳಿದಾಗ, ಸರಿಯಾಗಿ ನೆನಪಿನಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಉಳಿದ ಭಾಗವನ್ನು ಫಲಿತಾಂಶವೇ ತುಂಬಿಕೊಡುತ್ತದೆ. ಗೋಲು ಇಷ್ಟು ಅಪರೂಪವಾದ ಆಟದಲ್ಲಿ ಇದು ಇನ್ನೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಅರುಣಾಚಲದ ಯೂಪಿಯಾದಲ್ಲಿ ನಡೆದ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಗೋವಾ ತಂಡ ಸೇನಾಪಡೆಗಳ ತಂಡವಾದ ಸರ್ವಿಸಸ್‌ಗೆ 0-1ರಿಂದ ಸೋತಾಗ, ನಮ್ಮ ಸ್ಟಾಫ್ ರೂಮಿನಲ್ಲಿ ಚರ್ಚೆಯಾದದ್ದು ಆ ಒಂದು ಗೋಲು ಮಾತ್ರ. ಅದರ ಹಿಂದಿನ ವರ್ಷ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಅದೇ ಟ್ರೋಫಿಯನ್ನು ಗೆದ್ದಾಗ, ಫೈನಲ್‌ನಲ್ಲಿ ಎರಡು ಗೋಲು ಬಿಟ್ಟುಕೊಟ್ಟ ವಿಷಯವನ್ನು ನಮ್ಮ ತಂಡದ ಕನ್ನಡದ ಹುಡುಗರಲ್ಲಿ ಒಬ್ಬನೂ ಎತ್ತಲಿಲ್ಲ. ಗೆದ್ದವರ ತಪ್ಪುಗಳು ಪಂದ್ಯ ಮುಗಿದ ಕೂಡಲೇ ಮಾಯವಾಗುತ್ತವೆ.

ಹಾಗೆಂದು ಪುಸ್ತಕವನ್ನು ಕಣ್ಣಿಗಿಂತ ಮೇಲೆ ಕೂರಿಸುವುದಕ್ಕೂ ನಾನು ಸಿದ್ಧನಿಲ್ಲ. ನನ್ನ ವಿಷಯದವರು ಫುಟ್‌ಬಾಲಿಗೆ ಕಾಲಿಟ್ಟ ಚರಿತ್ರೆಯೇ ಅದಕ್ಕೆ ಎಚ್ಚರಿಕೆ. ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ 1950ರ ಮಾರ್ಚ್ 18ರಂದು ಸ್ವಿಂಡನ್ ಮೈದಾನದಲ್ಲಿ ಪೆನ್ಸಿಲ್ ಹಿಡಿದು ಪ್ರತಿ ದಾಳಿಯನ್ನೂ ಗುರುತು ಹಾಕಲು ಆರಂಭಿಸಿದರು. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಸೇರಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ದಾಳಿಯಿಂದ ಬರುತ್ತವೆ ಎಂದು ಅವರ ಲೆಕ್ಕ ತೋರಿಸಿತು. ಆದ್ದರಿಂದ ಚೆಂಡನ್ನು ಉದ್ದಕ್ಕೆ ಹೊಡೆಯಬೇಕು ಎಂಬುದು ಆ ಲೆಕ್ಕದಿಂದ ಹೊರಟ ಉಪದೇಶ. ಆದರೆ ಫುಟ್‌ಬಾಲಿನಲ್ಲಿ ಬಹುಪಾಲು ದಾಳಿಗಳು ಮೂರು ಪಾಸ್‌ಗಳ ಒಳಗೇ ಮುಗಿದುಹೋಗುತ್ತವೆ. ಗೋಲುಗಳೂ ಅವುಗಳಿಂದಲೇ ಹೆಚ್ಚು ಬರುವುದರಲ್ಲಿ ಆಶ್ಚರ್ಯವಿಲ್ಲ. ಎಣಿಕೆ ಸರಿಯಾಗಿತ್ತು, ಛೇದವನ್ನು, ಅಂದರೆ ಒಟ್ಟು ಎಷ್ಟು ದಾಳಿಗಳಲ್ಲಿ ಅಷ್ಟು ಗೋಲು ಎಂಬುದನ್ನು, ಮರೆಯಲಾಗಿತ್ತು. ನನ್ನ ಗೀಟುಗಳಿಗೂ ಛೇದವಿರಲಿಲ್ಲ. ಚೆಂಡನ್ನು ಮುಟ್ಟಲೇ ಹೆದರುವ ಹುಡುಗನ ಹೆಸರಿನ ಮುಂದೆ ಒಂದೂ ಗೀಟು ಇರುವುದಿಲ್ಲ, ಅವನನ್ನು ತಂಡದ ಅತ್ಯುತ್ತಮ ಆಟಗಾರ ಎಂದು ಯಾರೂ ಕರೆಯುವುದಿಲ್ಲ.

ನೀರು ನಿಂತ ಜಾಗ

ಅಂತರಕಾಲೇಜು ಪಂದ್ಯಾವಳಿ ನಾಕೌಟ್ ಆದರೆ ಒಂದು ಸೋಲಿಗೆ ಮುಗಿದುಹೋಗುತ್ತದೆ. ಋತು ಎನ್ನಬಹುದಾದದ್ದು ಕಾಲೇಜು ತಂಡಕ್ಕೆ ಸಿಗುವುದು ಅದರ ಹಿಂದುಮುಂದಿನ ಸ್ನೇಹ ಪಂದ್ಯಗಳಿಂದ. ನಮ್ಮ ಕೋಚ್ ಒಂದು ಕಾಲದಲ್ಲಿ ಗೋವಾದ ಲೀಗಿನಲ್ಲಿ ಆಡಿದವರು, ದಕ್ಷಿಣ ಗೋವಾದ ಸಾಷ್ಟಿ ತಾಲೂಕಿನ ಅರ್ಧ ಹಳ್ಳಿಗಳಲ್ಲಿ ಅವರಿಗೆ ಗೆಳೆಯರಿದ್ದಾರೆ. ಹಾಗಾಗಿ ಮಳೆ ಬಿಡುವ ಮೊದಲೇ ನಾವು ಹಳ್ಳಿಯ ಕ್ಲಬ್ಬುಗಳ ಮೈದಾನಗಳಿಗೆ ಟೆಂಪೊ ಹತ್ತಿ ಹೋಗುತ್ತಿದ್ದೆವು. ಅಂಥ ಒಂದು ಪಂದ್ಯದಲ್ಲಿ, ಮೊದಲರ್ಧದಲ್ಲಿ ನಾವು ಕಾಯುತ್ತಿದ್ದ ಗೋಲಿನ ಮುಂದೆ ಕೆಂಪು ನೀರು ಮಡುಗಟ್ಟಿ ನಿಂತಿತ್ತು. ನಮ್ಮ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಕಾಯುವ ಡಿಫೆಂಡರ್, ಝುವಾರಿನಗರದ ಹುಡುಗ, ತಂದೆತಾಯಿ ಗದಗ ಕಡೆಯಿಂದ ಬಂದವರು. ಎದುರಾಳಿಯ ಫಾರ್ವರ್ಡ್ ಬೆನ್ನು ಹತ್ತಿದಾಗ ಅವನು ಚೆಂಡನ್ನು ಕೀಪರ್‌ನತ್ತ ಮೆಲ್ಲಗೆ ತಳ್ಳಿದ. ಒಣ ನೆಲದಲ್ಲಾಗಿದ್ದರೆ ಅದು ಸಲೀಸಾಗಿ ತಲುಪುವ ಪಾಸ್. ಚೆಂಡು ನೀರಿನ ನಡುವೆ ಸತ್ತಂತೆ ನಿಂತಿತು. ಕೀಪರ್ ಮುಂದೆ ಓಡಿ ಬಂದರೂ ಅದನ್ನು ಕೈಯಲ್ಲಿ ಎತ್ತಿಕೊಳ್ಳುವಂತಿರಲಿಲ್ಲ. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟಬಾರದು ಎಂಬ ನಿಯಮ 1992ರಿಂದ ಇದೆ. ಕಾಲಿನಲ್ಲಿ ತೆಗೆಯುವಷ್ಟರಲ್ಲಿ ಆ ಫಾರ್ವರ್ಡ್ ಚೆಂಡಿನ ಬಳಿ ಇದ್ದ. ಆಮೇಲಿನದು ಗೋಲು.

ವಿರಾಮದಲ್ಲಿ ಎಲ್ಲರೂ ತಗಡಿನ ಮಾಡಿನ ಕೆಳಗೆ ನಿಂತಿದ್ದಾಗ ಆ ಹುಡುಗ ನೇರವಾಗಿ ನನ್ನ ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟು ಬಂದ. “ಸರ, ಬರೇ ನನ್ನ ಹೆಸರ ಮುಂದ ಬರೀಬ್ಯಾಡ್ರಿ. ಆವಾಗ ಕೀಪರ್ ಎಲ್ಲಿ ನಿಂತಿದ್ದ ಅದನ್ನೂ ಬರಕೋರಿ,” ಎಂದ. “ಬರಕೋತೀನಿ ತಮ್ಮಾ, ಮೊದ್ಲ ನೀರು ಕುಡಿ,” ಎಂದೆ. ಧಾರವಾಡದ ಕಡೆಯವನಾದ ನನ್ನ ಹತ್ತಿರ ಮಾತ್ರ ಅವನು ಹೀಗೆ ಬಿಚ್ಚಿ ಮಾತಾಡುತ್ತಾನೆ, ಉಳಿದವರೊಡನೆ ಅವನದು ಕೊಂಕಣಿ. ಅಷ್ಟರಲ್ಲಿ ಕೋಚ್ ಬಂದು ಪ್ರಶ್ನೆಗಳನ್ನು ಕೇಳತೊಡಗಿದರು, ಅವುಗಳಲ್ಲಿ ಒಂದೂ ಸ್ಟಾಪರ್‌ಗೆ ಇರಲಿಲ್ಲ. ರೈಟ್ ಬ್ಯಾಕ್ ಆ ಕ್ಷಣದಲ್ಲಿ ಎಲ್ಲಿದ್ದ? ಸೈಡ್‌ಲೈನಿನ ಪಕ್ಕ, ಎದುರಾಳಿಯ ನೆರಳಿನಲ್ಲಿ. ಮಿಡ್‌ಫೀಲ್ಡರ್? ಬೆನ್ನು ತಿರುಗಿಸಿ ಮುಂದಕ್ಕೆ ಓಡುತ್ತಿದ್ದ. ನೀರು ಎಲ್ಲಿ ನಿಂತಿದೆ ಎಂದು ಪಂದ್ಯಕ್ಕೆ ಮೊದಲು ಮೈದಾನ ಸುತ್ತಿ ನೋಡಿದವರು ಯಾರು? ಯಾರೂ ಇಲ್ಲ. ಬೆನ್ನ ಹಿಂದೆ ಶತ್ರು, ಎಡಬಲಕ್ಕೆ ಯಾರೂ ಇಲ್ಲ, ಉಳಿದದ್ದು ಕೀಪರ್ ಒಬ್ಬನೇ. ಆ ಪಾಸ್ ಕೊಟ್ಟದ್ದು ಸ್ಟಾಪರ್‌ನ ಕಾಲಾದರೂ ಅದನ್ನು ಕೊಡುವಂತೆ ಮಾಡಿದವರು ಮೂವರು ಎಂಬುದು ಕೋಚ್ ಮಾತಿನ ಸಾರ. ಅವರು ಅದನ್ನು ಹೀಗೆ ಸೂತ್ರದಂತೆ ಹೇಳಲಿಲ್ಲ. ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ತಲೆಯಾಡಿಸಿ, ಮುಂದಿನವನತ್ತ ತಿರುಗುತ್ತಿದ್ದರು ಅಷ್ಟೆ.

ಮರುದಿನ ಕ್ಯಾಂಟೀನಿನಲ್ಲಿ ಅದೇ ವಿಚಾರಣೆ ಮುಂದುವರಿಯಿತು. ನಮ್ಮಲ್ಲಿ ವಿಡಿಯೊ ತೆಗೆಯುವ ವ್ಯವಸ್ಥೆ ಇಲ್ಲ. ಭಾಜಿ-ಪಾವ್ ಮುಗಿದ ಮೇಜಿನ ಮೇಲೆ ಕೋಚ್ ಚಹಾದ ಗ್ಲಾಸುಗಳನ್ನು ತಂಡದಂತೆ ನಿಲ್ಲಿಸಿ, ಪಾವ್‌ನ ಒಂದು ಚೂರನ್ನು ಚೆಂಡು ಮಾಡಿದರು. ಚೆಂಡು ಕಳೆದುಕೊಂಡ ಗ್ಲಾಸನ್ನು ಅವರು ಕದಲಿಸಲು ಬಿಡುತ್ತಿರಲಿಲ್ಲ. ಅದು ಅಲ್ಲೇ ಇರಲಿ, ಬೇರೆ ಯಾವ ಗ್ಲಾಸು ಎಲ್ಲಿಗೆ ಸರಿದಿದ್ದರೆ ಇದು ಆಗುತ್ತಿರಲಿಲ್ಲ ಎಂದು ತೋರಿಸಿ, ಎನ್ನುವುದು ಅವರು ಹಾಕಿದ ಕಟ್ಟಳೆ. ಮೊದಲು ಹುಡುಗರು ನಗುತ್ತಿದ್ದರು. ಸ್ವಲ್ಪ ಹೊತ್ತಿನ ಬಳಿಕ ಗ್ಲಾಸು ಸರಿಸಲು ಕೈಗಳು ಒಂದರ ಮೇಲೊಂದು ಬಂದವು, ಜಗಳವೂ ಆಯಿತು, ಕ್ಯಾಂಟೀನಿನವರು ಗ್ಲಾಸು ವಾಪಸ್ ಕೇಳಿದಾಗ ಕೊಡಲು ಯಾರೂ ತಯಾರಿರಲಿಲ್ಲ. ಲೆಫ್ಟ್ ಬ್ಯಾಕ್ ಎರಡು ಹೆಜ್ಜೆ ಹಿಂದೆ ಇಳಿದಿದ್ದರೆ ಸಾಕಿತ್ತು ಎಂದು ಅದನ್ನು ಮೊದಲು ಕಂಡುಹಿಡಿದವನು ಲೆಫ್ಟ್ ಬ್ಯಾಕ್ ಹುಡುಗನೇ. ತನ್ನ ತಪ್ಪನ್ನು ಗ್ಲಾಸಿನ ರೂಪದಲ್ಲಿ ನೋಡಿದಾಗ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ ಎಂದು ತೋರುತ್ತದೆ. ಅಂದಿನಿಂದ ನನ್ನ ಪುಟಗಳಲ್ಲಿ ಹೊಸದೊಂದು ಕಲಂ ಸೇರಿತು: ಚೆಂಡು ಕಳೆದುಹೋದಾಗ ಹತ್ತಿರದ ಇಬ್ಬರು ಎಲ್ಲಿದ್ದರು.

ತಪ್ಪಿಗೂ ಒಂದು ವಿಳಾಸ

ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಕಡಿಮೆ ಮಾಡಲು ಹೊರಟ ತಂಡ ಆಡುವುದನ್ನೇ ಕಡಿಮೆ ಮಾಡುತ್ತದೆ. ಕೋಚ್ ಮೈದಾನವನ್ನು ಅಡ್ಡಲಾಗಿ ಮೂರು ಪಾಲು ಮಾಡಿ, ಪ್ರತಿ ಪಾಲಿಗೂ ಬೇರೆ ಕಾನೂನು ಬರೆದರು. ನಮ್ಮ ಗೋಲಿನ ಹತ್ತಿರದ ಪಾಲಿನಲ್ಲಿ ಎದುರಾಳಿಯನ್ನು ಬೆನ್ನಿಗಿಟ್ಟುಕೊಂಡು ತಿರುಗುವಂತಿಲ್ಲ, ಸ್ವಂತ ಗೋಲಿನ ಎದುರು ಚೆಂಡನ್ನು ಅಡ್ಡ ಕಳಿಸುವಂತಿಲ್ಲ, ಅನುಮಾನ ಬಂದರೆ ಸೈಡ್‌ಲೈನಿನ ಆಚೆ ಹೊಡೆಯಬಹುದು, ಅದಕ್ಕೆ ಯಾರೂ ಬೈಯುವುದಿಲ್ಲ. ಎದುರಾಳಿಯ ಗೋಲಿನ ಹತ್ತಿರದ ಪಾಲಿನಲ್ಲಿ ಏನು ಬೇಕಾದರೂ ಪ್ರಯತ್ನಿಸಬಹುದು. ಫಾರ್ವರ್ಡ್ ಸಾಲಿನ ಗೀಟುಗಳು ಏರಿದ್ದು ಇದರಿಂದಲೇ. ನಮ್ಮ ಬಲ ವಿಂಗರ್ ಮೊದಲೆಲ್ಲ ಡಿಫೆಂಡರ್ ಎದುರಾದ ಕೂಡಲೇ ಚೆಂಡನ್ನು ಹಿಂದಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ನನ್ನ ಪುಸ್ತಕದಲ್ಲಿ ಅವನು ನಿರ್ದೋಷಿ. ಕೊನೆಕೊನೆಗೆ ಅವನು ಮೇಲಿಂದ ಮೇಲೆ ಚೆಂಡು ಕಳೆದುಕೊಳ್ಳುತ್ತಿದ್ದ, ಜೊತೆಗೆ ನಮಗೆ ಕಾರ್ನರ್‌ಗಳನ್ನೂ ಫ್ರೀಕಿಕ್‌ಗಳನ್ನೂ ಗಳಿಸಿಕೊಡುತ್ತಿದ್ದ. ಇವನ ಗೀಟನ್ನೂ ಸ್ಟಾಪರ್‌ನ ಗೀಟನ್ನೂ ಒಂದೇ ಬೆಲೆಗೆ ಕೂಡಿಸಿದ ಮೊತ್ತಕ್ಕೆ ಅರ್ಥವಿಲ್ಲ.

ಈ ಕಾನೂನಿಗೆ ಹುಡುಗರಿಂದ ವಿರೋಧ ಬಂದದ್ದು ಗೋಲ್‌ಕಿಕ್ ವಿಷಯದಲ್ಲಿ, ಅಂದರೆ ಎದುರಾಳಿ ನಮ್ಮ ಗೋಲಿನ ಗೆರೆಯಾಚೆ ಹೊಡೆದ ಚೆಂಡನ್ನು ನಾವು ಮತ್ತೆ ಆಟಕ್ಕೆ ತರುವ ಒದೆತದ ವಿಷಯದಲ್ಲಿ. 2019ರಲ್ಲಿ ನಿಯಮ ಬದಲಾದ ಮೇಲೆ ಗೋಲ್‌ಕಿಕ್‌ನ ಚೆಂಡು ಪೆನಾಲ್ಟಿ ಆವರಣವನ್ನು ದಾಟಿ ಹೊರಬರಬೇಕಾಗಿಲ್ಲ, ಡಿಫೆಂಡರ್ ಒಳಗೇ ನಿಂತು ತೆಗೆದುಕೊಳ್ಳಬಹುದು. ಟಿವಿಯಲ್ಲಿ ಯುರೋಪಿನ ದೊಡ್ಡ ತಂಡಗಳು ಅಲ್ಲಿಂದಲೇ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವುದನ್ನು ನೋಡಿ ನಮ್ಮ ಹುಡುಗರಿಗೂ ಹಾಗೆಯೇ ಆಡುವ ಆಸೆ. ಕೀಪರ್‌ಗೆ ಇನ್ನೂ ಹೆಚ್ಚು. ಭಾರತ ತಂಡದ ನಾಯಕತ್ವ ವಹಿಸಿದ್ದ ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳಕರ್ ಅವರ ಹೆಸರನ್ನು ಕೇಳುತ್ತ ಬೆಳೆದ ಈ ನಾಡಿನ ಕೀಪರ್‌ಗಳಿಗೆ ಈಗ ಕಾಲಿನ ಆಟವೂ ಪ್ರತಿಷ್ಠೆಯ ವಿಷಯ. ಟಿವಿಯ ಮೈದಾನ ಕಾರ್ಪೆಟ್ಟಿನಂತಿರುತ್ತದೆ. ಜಂಬಿಟ್ಟಿಗೆ ಮಣ್ಣಿನ ಮೈದಾನದಲ್ಲಿ ಚೆಂಡು ಕೊನೆಯ ಗಜದಲ್ಲಿ ಪುಟಿದು ಮೊಣಕಾಲಿಗೆ ಬರುತ್ತದೆ. ಮಳೆ ನಿಲ್ಲುವವರೆಗೆ ಸಣ್ಣ ಗೋಲ್‌ಕಿಕ್ ಬೇಡ, ನೆಲ ಒಣಗಿದ ಮೇಲೆ ನೋಡೋಣ ಎಂದು ಕೋಚ್ ತೀರ್ಪು ಕೊಟ್ಟರು. ನನಗೆ ಈ ತೀರ್ಪು ಸ್ವಲ್ಪ ಅತಿಯಾಯಿತು ಎಂದೇ ಈಗಲೂ ಅನಿಸುತ್ತದೆ. ಬಿಟ್ಟುಕೊಟ್ಟ ಗೋಲುಗಳೇನೋ ಕಡಿಮೆಯಾದವು, ಆದರೆ ಹಿಂದಿನಿಂದ ಆಟ ಕಟ್ಟುವುದನ್ನು ಹುಡುಗರು ಕಲಿಯಲು ಎರಡು ತಿಂಗಳು ತಡವಾಯಿತು.

ಥ್ರೋ-ಇನ್‌ನಂತಹ ಸಂಗತಿಗಳಲ್ಲಿ ಸುಧಾರಣೆ ಬೇಗ ಬಂತು, ಹೇಳುವುದೂ ಹೆಚ್ಚಿಲ್ಲ. ಎರಡೂ ಪಾದಗಳು ನೆಲದ ಮೇಲಿರಬೇಕು, ಚೆಂಡು ಎರಡು ಕೈಗಳಲ್ಲಿ ತಲೆಯ ಹಿಂದಿನಿಂದ ತಲೆಯ ಮೇಲೆ ಹಾದು ಬರಬೇಕು. ಇಷ್ಟನ್ನು ಪಾಲಿಸದೆ ಫೌಲ್ ಥ್ರೋ ಮಾಡಿ ಚೆಂಡನ್ನು ಬಿಟ್ಟುಕೊಡುವುದು ಅಭ್ಯಾಸದ ಕೊರತೆಯೇ ಹೊರತು ಬೇರೇನಲ್ಲ, ಒಂದು ವಾರದ ಅಭ್ಯಾಸದಲ್ಲಿ ಅದು ನಿಂತಿತು. ಕಾರ್ನರ್‌ನಲ್ಲಿ ಯಾರು ಯಾರನ್ನು ಕಾಯಬೇಕೆಂಬ ಗೊಂದಲವೂ, ಎತ್ತರದ ಮೂವರಿಗೆ ಮನುಷ್ಯರ ಬದಲು ಜಾಗಗಳನ್ನು ಹಂಚಿಕೊಟ್ಟ ಮೇಲೆ, ಹೆಚ್ಚುಕಡಿಮೆ ತೀರಿತು. ಚೆಂಡು ನಿಂತಿರುವಾಗ ಆಗುವ ತಪ್ಪುಗಳನ್ನು ಹೇಳಿಕೊಟ್ಟು ತಿದ್ದಬಹುದು, ಓಡುತ್ತಿರುವ ಚೆಂಡಿನ ತಪ್ಪುಗಳಿಗೆ ಇಡೀ ಋತು ಬೇಕು.

ಬೈಗುಳಕ್ಕೆ ಸಿಗುವ ಕೀರ್ತಿ

ಕೆಟ್ಟದಾಗಿ ಆಡಿದ ಪಂದ್ಯದ ನಂತರ ಚೆನ್ನಾಗಿ ಬೈದರೆ ಮುಂದಿನ ಪಂದ್ಯದಲ್ಲಿ ಸುಧಾರಿಸುತ್ತಾರೆ ಎಂದು ನಂಬುವ ತರಬೇತುದಾರರನ್ನು ಎದುರಾಳಿ ತಂಡಗಳಲ್ಲಿ ಬಹಳ ನೋಡಿದ್ದೇನೆ. ಅವರ ಅನುಭವ ಸುಳ್ಳಲ್ಲ, ಸುಧಾರಣೆ ನಿಜವಾಗಿಯೂ ಕಾಣುತ್ತದೆ. ತಂದೆತಾಯಿಯರ ಮತ್ತು ಮಕ್ಕಳ ಎತ್ತರವನ್ನು ಅಳೆದ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ವಿವರಿಸಿದ ಸಂಗತಿಯೇ ಇಲ್ಲೂ ಕೆಲಸ ಮಾಡುತ್ತದೆ: ತೀರಾ ಅತಿರೇಕದ ಅಳತೆಯ ಪಕ್ಕದಲ್ಲಿ ಬರುವ ಅಳತೆ ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾಗಿರುತ್ತದೆ. ತೀರಾ ಕೆಟ್ಟ ಪಂದ್ಯದ ನಂತರ ಬೈದರೂ ಬೈಯದಿದ್ದರೂ ಮುಂದಿನದು ಸ್ವಲ್ಪ ಉತ್ತಮವಾಗಿರುವ ಸಂಭವವೇ ಹೆಚ್ಚು. ಇಸ್ರೇಲಿನ ವಾಯುಪಡೆಯ ತರಬೇತುದಾರರು, ಹೊಗಳಿದ ಪೈಲಟ್ ಮರುಸಲ ಕೆಡುತ್ತಾನೆ, ಬೈದವನು ಸುಧಾರಿಸುತ್ತಾನೆ ಎಂದು ವಾದಿಸಿದಾಗ ಡೇನಿಯಲ್ ಕಾನ್ಮನ್ ಅವರಿಗೆ ಹೊಳೆದದ್ದೂ ಇದೇ ಕಾರಣ. ಮನಶ್ಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರು.

ಬೈಗುಳದಿಂದ ಆಗುವ ಹಾನಿ ಮಾತ್ರ ನನ್ನ ಪುಟಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬ ಹುಡುಗನ ಹೆಸರಿನ ಮುಂದೆ ಎರಡು ಗೀಟುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಬೀಳುವುದು ಋತುವಿನ ಆರಂಭದಲ್ಲಿ ಸಾಮಾನ್ಯವಾಗಿತ್ತು. ಚೆಂಡು ಕಳೆದುಕೊಂಡವನು, ಸಹ ಆಟಗಾರರು ಕೈ ಎತ್ತಿ ಕೂಗುವುದನ್ನು ಕೇಳಿ, ಮುಂದಿನ ಸಲ ಚೆಂಡು ಸಿಕ್ಕಾಗ ಸಾಲ ತೀರಿಸುವವನಂತೆ ಅಸಾಧ್ಯವಾದ ಪಾಸ್ ಒಂದನ್ನು ಪ್ರಯತ್ನಿಸುತ್ತಿದ್ದ. ಇದಕ್ಕೆ ಕೋಚ್ ಕಂಡುಕೊಂಡ ಉಪಾಯ ಬಹಳ ಸರಳ: ತಪ್ಪು ಮಾಡಿದವನ ಮುಂದಿನ ಪಾಸ್ ಹತ್ತಿರದವನಿಗೇ ಹೋಗಬೇಕು, ಹತ್ತಿರದವನು ಕೂಗದೆ ಬಂದು ನಿಲ್ಲಬೇಕು. ಕೂಗುವುದಕ್ಕೇ ನಿಷೇಧ ಹಾಕಲಿಲ್ಲ. ಹಿಂದಿನಿಂದ ಎದುರಾಳಿ ಬರುತ್ತಿದ್ದರೆ “ಮ್ಯಾನ್ ಆನ್” ಎನ್ನಲೇಬೇಕು, ಸಮಯವಿದ್ದರೆ “ಟೈಮ್” ಎನ್ನಬೇಕು. ತಪ್ಪಿನ ಮೊದಲು ಕೂಗಿ, ತಪ್ಪಿನ ನಂತರ ಓಡಿ, ಎಂಬುದು ಅವರ ಅಪ್ಪಣೆ.

ಐದು ಸೆಕೆಂಡು

ಋತುವಿನ ಎರಡು ತುದಿಗಳನ್ನು ಹೋಲಿಸುವುದರಲ್ಲಿ ಇನ್ನೊಂದು ತೊಡಕಿದೆ. ಆಗಸ್ಟಿನ ಕೆಸರಿನಲ್ಲಿ ತಪ್ಪಿದ ಪಾಸನ್ನೂ ನವೆಂಬರಿನ ಗಟ್ಟಿ ನೆಲದಲ್ಲಿ ತಪ್ಪಿದ ಪಾಸನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೆಸರಿನಲ್ಲಿ ಚೆಂಡು ನಿಂತುಹೋಗುತ್ತದೆ, ಗಟ್ಟಿ ನೆಲದಲ್ಲಿ ಪುಟಿದು ಓಡಿಹೋಗುತ್ತದೆ. ಮಳೆಯಲ್ಲಿ ಕಾಲುಗಳು ಸೋಲುತ್ತವೆ, ಮಳೆ ಬಿಟ್ಟ ಮೇಲಿನ ಸೆಕೆಯಲ್ಲಿ ಉಸಿರು ಸೋಲುತ್ತದೆ. ಕೊನೆಯ ಕಾಲು ಗಂಟೆಯಲ್ಲಿ ಗೀಟುಗಳು ಒತ್ತಾಗುವುದು ಮಾತ್ರ ಎರಡೂ ಕಾಲದಲ್ಲಿ ಒಂದೇ, ಅದಕ್ಕೆ ಓಟದ ಅಭ್ಯಾಸ ಮತ್ತು ಸರಿಯಾದ ಹೊತ್ತಿಗೆ ಇಳಿಸುವ ಬದಲಿ ಆಟಗಾರರ ಹೊರತು ಬೇರೆ ಮದ್ದಿಲ್ಲ. ಎದುರಾಳಿಗಳೂ ಒಂದೇ ಮಟ್ಟದವರಲ್ಲ. ಆದ್ದರಿಂದ ಗೀಟುಗಳ ಇಳಿಕೆಯಲ್ಲಿ ಎಷ್ಟು ಭಾಗ ತಂಡದ್ದು, ಎಷ್ಟು ಭಾಗ ಆಕಾಶದ್ದು ಎಂದು ಬೇರ್ಪಡಿಸುವುದು ನನ್ನ ಪುಟಗಳಿಂದ ಸಾಧ್ಯವಿಲ್ಲ.

ಆದರೆ ಋತುವಿನ ನಡುವೆ ಕೋಚ್ ಕೇಳಿ ಸೇರಿಸಿಕೊಂಡ ಇನ್ನೊಂದು ಕಲಂ ಇದೆ. ಚೆಂಡು ಕಳೆದ ಬಳಿಕ ಐದು ಸೆಕೆಂಡಿನ ಒಳಗೆ ಏನಾಯಿತು ಎಂಬುದನ್ನು ಅದರಲ್ಲಿ ಬರೆಯಬೇಕಿತ್ತು. ಹತ್ತಿರದವನು ಚೆಂಡಿನ ಮೇಲೆ ಬಿದ್ದನೇ, ಪಕ್ಕದವನು ಒಳಕ್ಕೆ ಸರಿದು ದಾರಿ ಮುಚ್ಚಿದನೇ, ಸ್ಟಾಪರ್ ಗೋಲಿನ ಕಡೆಗೆ ಇಳಿದನೇ. ಈ ಕಲಂ ಶುರುವಾದಾಗಿನ ಪುಟಗಳಲ್ಲಿ ಹೆಚ್ಚಾಗಿ ಇರುವುದು ಕೈ ಎತ್ತಿದವರು, ತಲೆ ಹಿಡಿದುಕೊಂಡವರು, ರೆಫರಿಯತ್ತ ತಿರುಗಿದವರು. ಕೊನೆಯ ಪುಟಗಳಲ್ಲಿ ಅದೇ ಬಗೆಯ ತಪ್ಪಿನ ಎದುರು ಚೆಂಡು ಮರಳಿ ಬಂದದ್ದು, ಎದುರಾಳಿ ಹಿಂದಕ್ಕೆ ಪಾಸ್ ಕೊಡಬೇಕಾಗಿ ಬಂದದ್ದು, ಥ್ರೋ-ಇನ್ ಆದದ್ದು ಇವೇ ತುಂಬಿವೆ. ನೋಡುವವರ ಕಣ್ಣಿಗೆ ಇವು ತಪ್ಪಾಗಿ ಕಾಣಲೇ ಇಲ್ಲ. ಗೇಟಿನ ಕಾವಲುಗಾರರು ಹೇಳಿದ್ದು ಸರಿ, ಪುಸ್ತಕ ಹೇಳಿದ್ದೂ ಸರಿ: ಕಾಲುಗಳು ಸ್ವಲ್ಪ ಮಾತ್ರ ಸುಧಾರಿಸಿದ್ದವು, ಒಬ್ಬನ ಕಾಲು ಜಾರಿದಾಗ ಉಳಿದ ಹತ್ತು ಮಂದಿ ಇರುವ ಜಾಗ ಬಹಳ ಸುಧಾರಿಸಿತ್ತು.

ಕ್ಲಬ್ಬುಗಳಿಗಿಲ್ಲದ ಒಂದು ಕಷ್ಟ ಕಾಲೇಜು ತಂಡಕ್ಕಿದೆ. ಇಂಥ ಜಾಗಗಳ ತಿಳಿವಳಿಕೆ ಇಬ್ಬಿಬ್ಬರ ನಡುವೆ ಬೆಳೆಯುವಂಥದ್ದು, ಪದವಿ ಮುಗಿದ ಕೂಡಲೇ ಆ ಜೋಡಿಗಳು ಒಡೆಯುತ್ತವೆ. ಗ್ಲಾಸುಗಳ ಪಾಠವನ್ನು ಪುಟಗಳಲ್ಲಿ ಬರೆದಿಟ್ಟು ಹೊಸಬರ ಕೈಗೆ ಕೊಟ್ಟರೆ ಓದಿ ತಲೆಯಾಡಿಸುತ್ತಾರೆ. ಮೈದಾನದಲ್ಲಿ ಎಡಕ್ಕೆ ಇಳಿಯಬೇಕಾದ ಹೊತ್ತಿಗೆ ನಿಂತೇ ಇರುತ್ತಾರೆ. ಹೋದ ಋತುವಿನ ಕೀಪರ್ ಈಗ ವೆರ್ಣಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಝುವಾರಿನಗರದ ಸ್ಟಾಪರ್‌ಗೆ ಇನ್ನೊಂದು ವರ್ಷ ಬಾಕಿ ಇದೆ. ಹೊಸ ಕೀಪರ್ ಎಡಗಾಲಿನವನು, ಸ್ಟಾಪರ್‌ಗೆ ಹಳೆಯ ಕೀಪರ್‌ನ ಬಲಗಾಲಿಗೆ ಚೆಂಡು ಕೊಟ್ಟೇ ರೂಢಿ. ಈ ಜುಲೈಯ ಪುಟಗಳಲ್ಲಿ ನಮ್ಮ ಗೋಲಿನ ಹತ್ತಿರದ ಪಾಲಿನ ಗೀಟುಗಳು ಮತ್ತೆ ಒತ್ತಾಗಿವೆ, ಅವುಗಳಲ್ಲಿ ಹೆಚ್ಚಿನವು ಇವರಿಬ್ಬರ ನಡುವಿನವೇ. ಅಭ್ಯಾಸದ ಮೊದಲ ಅರ್ಧ ಗಂಟೆ ಅವರಿಬ್ಬರನ್ನೇ ಬೇರೆ ನಿಲ್ಲಿಸಿ ಆಡಿಸಿ ಎಂದು ಕೋಚ್‌ಗೆ ಹೇಳಿದ್ದೇನೆ. ಇಬ್ಬರಲ್ಲ, ಲೆಫ್ಟ್ ಬ್ಯಾಕನ್ನೂ ಸೇರಿಸಿ ಮೂವರು ಬೇಕು ಎಂದು ಅವರು ತಿದ್ದಿದ್ದಾರೆ.